ಲೇಸರ್ ಮಾಡಿಸಿದ ಕಣ್ಣಿಗೆ ಎಕ್ಸ್‌ಪೈರಿ ಡೇಟ್ ಇದೆಯಾ?

ಪ್ರಶ್ನೆ: ನನಗೆ ಮೈನಸ್ 4 ಪವರ್ ಇದೆ. ಲೇಸರ್ ಮಾಡಿಸಿ ಕನ್ನಡಕ ಬಿಡೋಣ ಅಂತಿದ್ದೇನೆ. ಆದರೆ ಅದರ ಎಫೆಕ್ಟ್ ಹತ್ತು ವರ್ಷ ಮಾತ್ರ, ಆಮೇಲೆ ಪವರ್ ವಾಪಸ್ ಬರುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ನೀವು ಮಾಡಿಸಿಕೊಂಡಿದ್ದೀರಲ್ಲ, ನಿಮಗೆ ವಾಪಸ್ ಬಂತಾ?

ಬಂದಿಲ್ಲ.

ನನಗಿದ್ದದ್ದು ಮೈನಸ್ 5. ಲ್ಯಾಸಿಕ್ ಎಂಬ ಲೇಸರ್ ಆಪರೇಷನ್ ಮಾಡಿಸಿ ಹದಿನೈದು ವರ್ಷದ ಮೇಲಾಯಿತು. ರಸ್ತೆಯ ಬೋರ್ಡುಗಳನ್ನು ಇವತ್ತಿಗೂ ಬರಿಗಣ್ಣಲ್ಲೇ ಓದುತ್ತೇನೆ. ಪುಸ್ತಕ ಓದುವಾಗ ಮಾತ್ರ ಕನ್ನಡಕ ಬೇಕು. ಈ ಕೊನೆಯ ಮಾತು ಬಾಯಿಂದ ಬೀಳುವುದೇ ತಡ, ಕೇಳಿದವರ ಮುಖದಲ್ಲಿ "ನೋಡಿದ್ರಾ, ನಾನು ಹೇಳಲಿಲ್ವಾ" ಎಂಬ ಗೆಲುವು ಅರಳುತ್ತದೆ. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಸಮಜಾಯಿಷಿಯ ಹಾಗೇ ಕೇಳಿಸುತ್ತದೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಲೇಸರ್ ಎಲ್ಲಿ ಕೆಲಸ ಮಾಡುತ್ತದೆ ನೋಡಿ. ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ತಿಳಿಯಾಗಿರುವುದು ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್, ಅಂದರೆ 500ರಿಂದ 550 ಮೈಕ್ರಾನ್. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದ್ದು. ಮೈನಸ್ ಪವರ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದ. ಹಾಗಾಗಿ ಬೆಳಕು ಕಣ್ಣಿನ ಹಿಂಭಾಗದ ಪರದೆ ರೆಟಿನಾ ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದೆ. ಲೇಸರ್ ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡುತ್ತದೆ, ಬೆಳಕು ಸರಿಯಾದ ಜಾಗಕ್ಕೆ ಹೋಗುತ್ತದೆ. 6 ಮಿಲಿಮೀಟರ್ ಅಗಲದಲ್ಲಿ ಒಂದು ಪವರ್ ಇಳಿಸಲು ಸುಮಾರು 12 ಮೈಕ್ರಾನ್ ತೆಗೆಯಬೇಕು. ನಿಮ್ಮ ಮೈನಸ್ 4ಕ್ಕೆ 50 ಮೈಕ್ರಾನ್‌ನಷ್ಟು.

"ಕಣ್ಣು ಸುಡ್ತಾರಂತೆ, ವಾಸನೆ ಬರುತ್ತಂತೆ" ಅಂತಲೂ ಕೇಳುತ್ತಾರೆ. ವಾಸನೆ ಬಂದದ್ದು ನಿಜ, ನನಗೂ ಬಂತು. ಆದರೆ ಸುಡುವುದಿಲ್ಲ. ಇದು 193 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್. ಅಣುಗಳ ನಡುವಿನ ಕೊಂಡಿಗಳನ್ನೇ ಮುರಿದು ಪುಡಿ ಹಾರಿಸುತ್ತದೆ, ಸುತ್ತಲಿನ ಭಾಗಕ್ಕೆ ಬಿಸಿ ತಾಗುವುದು ತೀರಾ ಕಡಿಮೆ. 1981ರಲ್ಲಿ ಐಬಿಎಂನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ಒಯ್ದು ಈ ಲೇಸರ್ ಹಾಯಿಸಿದರು. ಕಪ್ಪಾಗದೆ, ಚೊಕ್ಕವಾಗಿ ಕೊರೆಯಿತು. ಎರಡೇ ವರ್ಷದಲ್ಲಿ ಅವರು ಮತ್ತು ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಇದನ್ನು ಕಾರ್ನಿಯಾದ ಮೇಲೆ ಮಾಡಿ ತೋರಿಸಿದರು. ಲೇಸರ್ ಬೀಳುವಾಗ ನನಗೆ ನೋವೇನೂ ಆಗಲಿಲ್ಲ. ಅದಕ್ಕೆ ಮೊದಲು ಫ್ಲಾಪ್, ಅಂದರೆ ಕಾರ್ನಿಯಾದ ಮೇಲೆ ಮುಚ್ಚಳದಂತೆ ಎತ್ತುವ ತೆಳು ಪದರ, ಮಾಡಲು ಕಣ್ಣನ್ನು ಹಿಡಿದು ಒತ್ತುತ್ತಾರಲ್ಲ, ಆಗ ಕೆಲವು ಸೆಕೆಂಡ್ ಎಲ್ಲ ಕತ್ತಲಾಗುತ್ತದೆ. ಹೆದರಿಕೆ ಆದದ್ದು ಅಲ್ಲಿ ಮಾತ್ರ.

ಈಗ ಆ ಹತ್ತು ವರ್ಷದ ಕಥೆಗೆ ಬರೋಣ.

ತೆಗೆದ ಪದರ ಮತ್ತೆ ಬೆಳೆಯುತ್ತದೆಯೇ? ಇಲ್ಲ. ಕಾರ್ನಿಯಾದ ಮೇಲ್ಗಡೆ 50 ಮೈಕ್ರಾನ್‌ನಷ್ಟು ತೆಳು ಚರ್ಮದಂಥ ಪದರವಿದೆ, ಎಪಿಥೀಲಿಯಂ ಅಂತ. ಅದು ಸವೆಯುತ್ತಾ ಹೊಸದಾಗುತ್ತಾ ಇರುತ್ತದೆ, ಗೀರಿದರೂ ಕೆಲವೇ ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಲೇಸರ್ ಆಕಾರ ಕೊಡುವುದು ಅದರ ಕೆಳಗಿನ ಗಟ್ಟಿ ಪದರಕ್ಕೆ. ಅಲ್ಲಿ ಹೋದದ್ದು ಹೋಯಿತು. ಹತ್ತನೇ ವರ್ಷದ ಬೆಳಿಗ್ಗೆ ಎದ್ದು ನಿಲ್ಲಲು ಒಳಗೆ ಯಾವ ಗಡಿಯಾರವೂ ಇಲ್ಲ.

ಹಾಗಾದರೆ ಎಲ್ಲರ ಬಾಯಲ್ಲೂ ಅದೇ ಹತ್ತು ವರ್ಷ ಯಾಕೆ? ಲೆಕ್ಕ ಹಾಕಿ. ಹೆಚ್ಚಿನವರು ಲೇಸರ್ ಮಾಡಿಸುವುದು ಇಪ್ಪತ್ತು ದಾಟಿ ಮೂವತ್ತರ ಆಸುಪಾಸಿನಲ್ಲಿ. ಅದಕ್ಕೆ ಹತ್ತು ಹನ್ನೆರಡು ವರ್ಷ ಸೇರಿಸಿದರೆ ನಲವತ್ತು. ನಲವತ್ತಕ್ಕೆ ಏನು ಬರುತ್ತದೆ? ಚಾಳೀಸು! ಕಾರ್ನಿಯಾದ ಹಿಂದೆ, ಕಣ್ಣಿನ ಒಳಗೆ ಒಂದು ಲೆನ್ಸ್ ಇದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು. ವಯಸ್ಸಾದಂತೆ ಗಟ್ಟಿಯಾಗುತ್ತದೆ, ಉಬ್ಬುವುದಿಲ್ಲ. ಆಗ ಮೊಬೈಲನ್ನು ದೂರ ದೂರ ಹಿಡಿಯುತ್ತೇವೆ. ಜನ್ಮದಲ್ಲಿ ಕನ್ನಡಕ ಹಾಕದವರಿಗೂ ಇದು ಬರುತ್ತದೆ. ಲೇಸರ್ ಆ ಲೆನ್ಸನ್ನು ಮುಟ್ಟಿಯೇ ಇಲ್ಲ. ಗೋಡೆಗೆ ಸುಣ್ಣ ಬಳಿಸಿ ಹತ್ತು ವರ್ಷದ ಮೇಲೆ ನಲ್ಲಿ ಸೋರಿದರೆ ಸುಣ್ಣದವನನ್ನು ಬೈಯುತ್ತೀರಾ?

ಪವರ್ ವಾಪಸ್ ಬಂತು ಎನ್ನುವವರಿಗೆ ನಾನು ಕೇಳುವುದು ಒಂದೇ: ಪ್ಲಸ್ಸಾ, ಮೈನಸ್ಸಾ? ನಲವತ್ತು ದಾಟಿದವರಲ್ಲಿ ಬಹಳ ಜನ "ಪ್ಲಸ್" ಅನ್ನುತ್ತಾರೆ. ಹೋದದ್ದು ಮೈನಸ್, ಬಂದದ್ದು ಪ್ಲಸ್. ವಾಪಸ್ ಬಂದದ್ದು ಹೇಗಾಯಿತು? ಇಷ್ಟು ಹೇಳಿದರೂ ಮುಂದಿನ ವಾರ ಅವರೇ ಇನ್ನೊಬ್ಬರಿಗೆ "ಹತ್ತೇ ವರ್ಷ ಕಣಪ್ಪಾ" ಅಂತ ಹೇಳುತ್ತಿರುತ್ತಾರೆ. ಏನು ಮಾಡೋದು?

ಈ ಸುಳ್ಳು ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಇನ್ನೊಂದು ಕಾರಣವಿದೆ. ಮೈನಸ್ ಪವರಿನವರಿಗೆ ಒಂದು ಲಾಭವಿದೆ. ಮೈನಸ್ 3 ಇರುವವರು ಕನ್ನಡಕ ತೆಗೆದರೆ ಅವರಿಗೆ ಸ್ಪಷ್ಟವಾಗಿ ಕಾಣುವ ದೂರ 33 ಸೆಂಟಿಮೀಟರ್, ಹೆಚ್ಚು ಕಡಿಮೆ ಪುಸ್ತಕ ಹಿಡಿಯುವ ದೂರ. ಐವತ್ತರಲ್ಲೂ ಅವರು ಕನ್ನಡಕವನ್ನು ಹಣೆಗೆ ಏರಿಸಿ ಆರಾಮಾಗಿ ಓದುತ್ತಾರೆ. ಲೇಸರ್ ಮಾಡಿಸಿದರೆ ಈ ಸವಲತ್ತು ಹೋಗುತ್ತದೆ. ನಲವತ್ತೆರಡಕ್ಕೆ ಲೇಸರ್ ಮಾಡಿಸಿದವರಿಗಂತೂ ಮಾರನೇ ದಿನದಿಂದಲೇ ಓದುವುದು ಕಷ್ಟವಾಗಬಹುದು. "ಆಪರೇಷನ್ ಕೆಟ್ಟಿತು" ಅಂತ ಅವರಿಗೆ ಅನಿಸಿದರೆ ತಪ್ಪು ಅವರದ್ದಲ್ಲ. ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು. "ಕನ್ನಡಕಕ್ಕೆ ಶಾಶ್ವತ ವಿದಾಯ" ಅಂತ ಜಾಹೀರಾತು ಕೊಡುವವರ ಮೇಲೆ ನನಗಿರುವ ಸಿಟ್ಟು ಇದಕ್ಕೇ.

ಹಾಗಂತ ಮೈನಸ್ ಯಾರಿಗೂ ಬರುವುದೇ ಇಲ್ಲ ಅಂತಲ್ಲ. ಕೆಲವರಿಗೆ ಸ್ವಲ್ಪ ಬರುತ್ತದೆ. ಪವರ್ ಏರುತ್ತಿರುವಾಗಲೇ ಅವಸರಪಟ್ಟು ಮಾಡಿಸಿದರೆ ಕಣ್ಣುಗುಡ್ಡೆ ಆಮೇಲೂ ಉದ್ದವಾಗುತ್ತಲೇ ಇರುತ್ತದೆ. ಅದಕ್ಕೇ ಒಂದು ವರ್ಷವಾದರೂ ಪವರ್ 0.5ಕ್ಕಿಂತ ಜಾಸ್ತಿ ಬದಲಾಗಿರಬಾರದು ಅನ್ನುವುದು. ಜಾಸ್ತಿ ಪವರ್ ಇಳಿಸಿದ ಕಣ್ಣಲ್ಲಿ ಆ ಮೇಲಿನ ಎಪಿಥೀಲಿಯಂ ಪದರ ತುಸು ದಪ್ಪವಾಗಿ ಸ್ವಲ್ಪ ಪವರ್ ಮರಳಬಹುದು. ಇದು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಕಾಣಿಸುತ್ತದೆ. ಬೇಕಾದರೆ ಮತ್ತೊಮ್ಮೆ ಲೇಸರ್ ಮಾಡಬಹುದು, ಆದರೆ ಫ್ಲಾಪಿನ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. 300 ಉಳಿಯಲಿ ಎನ್ನುವ ವೈದ್ಯರೂ ಇದ್ದಾರೆ. ನಿಜವಾಗಿ ಹೆದರಬೇಕಾದ್ದು ಕಾರ್ನಿಯಾ ಸೋತು ಮುಂದಕ್ಕೆ ಉಬ್ಬುವುದಕ್ಕೆ. ಅಪರೂಪ, ಆದರೆ ವರ್ಷಗಳ ನಂತರವೂ ಆಗಬಹುದು. ಆಪರೇಷನ್‌ಗೆ ಮೊದಲು ಮಾಡುವ ಕಾರ್ನಿಯಾ ಸ್ಕ್ಯಾನ್ ಇರುವುದೇ ಇಂಥ ಕಣ್ಣುಗಳನ್ನು ಹುಡುಕಿ "ನಿಮಗೆ ಬೇಡ" ಅಂತ ಹೇಳಲು. ಅದನ್ನು ಬಿಲ್ ಏರಿಸುವ ತಂತ್ರ ಅಂದುಕೊಳ್ಳಬೇಡಿ.

ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಬಳೆ ಕಾಣುವುದು, ಇವೂ ನಿಜ. ಲೇಸರ್ ಮಾಡುವಾಗ ಕಾರ್ನಿಯಾದ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ, ಬೆಳೆಯಲು ತಿಂಗಳುಗಳು ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ನಿಂತು ಮಾಡಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಬಳೆ, ಪ್ರಖರತೆಯಂಥ ತೊಂದರೆ ಇಲ್ಲದಿದ್ದವರಲ್ಲಿ ಶೇ. 40ಕ್ಕೂ ಹೆಚ್ಚು ಜನ ಮೂರು ತಿಂಗಳಿಗೆ ಹೊಸದಾಗಿ ಏನೋ ಒಂದು ಕಾಣುತ್ತದೆ ಎಂದಿದ್ದರು. ಅದರಿಂದ ದಿನದ ಕೆಲಸಕ್ಕೇ ತುಂಬಾ ಕಷ್ಟವಾದವರು ಶೇ. 1ಕ್ಕಿಂತ ಕಡಿಮೆ. ಈ ಎರಡೂ ಅಂಕಿಗಳನ್ನು ಒಟ್ಟಿಗೇ ಹೇಳಬೇಕು. ಮಾರುವವರು ಎರಡನೆಯದನ್ನು ಮಾತ್ರ ಹೇಳುತ್ತಾರೆ, ಹೆದರಿಸುವವರು ಮೊದಲನೆಯದನ್ನು. ನನಗೆ ಬಳೆ ಮೊದಲ ವರ್ಷದಲ್ಲೇ ಮಾಯವಾಯಿತು. ಒಣಗುವುದು ಪೂರ್ತಿ ಹೋಗಿಲ್ಲ. ಎಸಿಯಲ್ಲಿ ಜಾಸ್ತಿ ಹೊತ್ತು ಕೂತರೆ ಇವತ್ತಿಗೂ ಡ್ರಾಪ್ಸ್ ಬೇಕು.

ಇನ್ನು ಯಾರೂ ಕೇಳದ ಪ್ರಶ್ನೆ. ನಾನೇ ಕೇಳಿಕೊಂಡು ನಾನೇ ಉತ್ತರಿಸುತ್ತೇನೆ: ಅರವತ್ತಕ್ಕೆ ಕಣ್ಣಿನ ಪೊರೆ ಬಂದಾಗ ಏನಾಗುತ್ತದೆ?

ಪೊರೆಯ ಆಪರೇಷನ್ ಆಗುತ್ತದೆ, ಅದಕ್ಕೇನೂ ಅಡ್ಡಿಯಿಲ್ಲ. ತೊಡಕು ಇರುವುದು ಒಳಗೆ ಹಾಕುವ ಲೆನ್ಸಿನ ಲೆಕ್ಕದಲ್ಲಿ. ಆ ಲೆಕ್ಕಕ್ಕೆ ಕಾರ್ನಿಯಾದ ಬಾಗು ಎಷ್ಟು ಅಂತ ಗೊತ್ತಾಗಬೇಕು. ಹಳೆಯ ಬಗೆಯ ಯಂತ್ರ ಮುಂಭಾಗವನ್ನು ಅಳೆದು ಹಿಂಭಾಗವನ್ನು ಊಹಿಸುತ್ತದೆ. ಲೇಸರ್ ಆದ ಕಣ್ಣಲ್ಲಿ ಮುಂಭಾಗ ಮಾತ್ರ ಬದಲಾಗಿದೆ, ಊಹೆ ತಪ್ಪುತ್ತದೆ. ಮಾಮೂಲಿ ಸೂತ್ರವನ್ನೇ ಹಾಕಿದರೆ ಕಡಿಮೆ ಪವರಿನ ಲೆನ್ಸ್ ಕೂತು ಕಣ್ಣು ಪ್ಲಸ್ಸಿಗೆ ಹೋಗಬಹುದು. ಇದಕ್ಕೆಂದೇ ಈಗ ಬೇರೆ ಸೂತ್ರಗಳಿವೆ. ಆದರೆ ಲೇಸರ್ ಆಗಿದೆ ಅಂತ ನೀವು ಹೇಳಿದರೆ ತಾನೇ? ಎಷ್ಟೋ ಜನಕ್ಕೆ ಅಷ್ಟು ಹೊತ್ತಿಗೆ ಮರೆತೇ ಹೋಗಿರುತ್ತದೆ.

ಕಣ್ಣಿನ ಒತ್ತಡ ಅಳೆಯುವಾಗಲೂ ಹೀಗೇ. ಕಾರ್ನಿಯಾ ತೆಳುವಾಗಿರುವುದರಿಂದ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಇದ್ದರೂ ಕಣ್ಣು ತಪ್ಪಿಸಬಹುದು. ರೆಟಿನಾ ವಿಷಯವೂ ಅಷ್ಟೇ. ಕನ್ನಡಕ ಹೋಯಿತು, ಕಣ್ಣುಗುಡ್ಡೆಯ ಉದ್ದ ಹೋಗಲಿಲ್ಲ. ಉದ್ದ ಕಣ್ಣಲ್ಲಿ ರೆಟಿನಾ ಹರಿಯುವ, ಕಳಚುವ ಸಾಧ್ಯತೆ ಮೊದಲಿನಷ್ಟೇ ಇರುತ್ತದೆ. ಇದ್ದಕ್ಕಿದ್ದಂತೆ ಮಿಂಚು, ತೇಲುವ ಚುಕ್ಕೆಗಳು, ಪಕ್ಕದಿಂದ ಪರದೆ ಎಳೆದಂತೆ ಕಂಡರೆ ಅದೇ ದಿನ ವೈದ್ಯರ ಹತ್ತಿರ ಓಡಿ.

ಮಾಡಿಸುವುದಾದರೆ, ಮನೆಗೆ ಬರುವ ಮೊದಲು ಮೂರು ಕಾಗದ ಕೇಳಿ ತಗೊಳ್ಳಿ: ಆಪರೇಷನ್‌ಗೆ ಮುಂಚಿನ ಪವರ್, ಮುಂಚಿನ ಕಾರ್ನಿಯಾ ಅಳತೆ, ಎಷ್ಟು ಮೈಕ್ರಾನ್ ತೆಗೆದರು ಎಂಬ ವರದಿ. ಕೊಡಲ್ಲ ಅಂದರೆ ಜಗಳ ಆಡಿಯಾದರೂ ತಗೊಳ್ಳಿ. ಫೋನಲ್ಲಿ ಒಂದು ಫೋಟೊ ಇರಲಿ, ಮಕ್ಕಳಿಗೋ ಮನೆಯವರಿಗೋ ಒಂದು ಪ್ರತಿ ಕಳಿಸಿ.