ಕಂಬ ಬಿದ್ದರೆ ಎಸ್‌ಡಿಎನ್ ಏನು ಮಾಡುತ್ತೆ?

ಪ್ರಶ್ನೆ: ನಮ್ಮದು ಕಾಫಿ, ಕರಿಮೆಣಸು ಖರೀದಿ ವ್ಯಾಪಾರ. ಗೋಣಿಕೊಪ್ಪದಲ್ಲಿ ಆಫೀಸು, ವಿರಾಜಪೇಟೆ, ಸಿದ್ದಾಪುರ, ಸೋಮವಾರಪೇಟೆಯಲ್ಲಿ ಡಿಪೋ, ಕುಶಾಲನಗರದಲ್ಲಿ ಗೋಡೌನ್ ಇದೆ. ನೆಟ್‌ವರ್ಕ್ ಹಾಕಿಕೊಡುವವರು ಈಗ "ಎಸ್‌ಡಿಎನ್ ಮಾಡಿಸಿ" ಅಂತ ಹಿಂದೆ ಬಿದ್ದಿದ್ದಾರೆ. ಇದೇನು? ನಮ್ಮಂಥವರಿಗೆ ಲಾಭ ಇದೆಯಾ? ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಬೇರೆ "ಇದು ಬಂದರೆ ನನ್ನ ಕೆಲಸ ಹೋಯಿತು" ಅಂತಿದ್ದಾನೆ.

ಉತ್ತರ: ಮೊದಲು ಆ ಹುಡುಗನಿಗೆ ಧೈರ್ಯ ಹೇಳಿ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಸ್‌ಡಿಎನ್ ಅಂದರೆ ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್. ಮಳೆಗಾಲದ ನಮ್ಮ ರಸ್ತೆ ನೆನಪಿಸಿಕೊಂಡರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಜುಲೈನಲ್ಲಿ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವ ಬಸ್ಸಿನ ಡ್ರೈವರ್, ಎದುರಿಗೆ ಹತ್ತಿ ಬರುವ ಬಸ್ಸಿನ ಪಕ್ಕ ನಿಲ್ಲಿಸಿ ಕಿಟಕಿಯಿಂದಲೇ ಕೇಳುತ್ತಾರೆ: "ಕೆಳಗೆ ಹೇಗಿದೆ?" "ಮರ ಬಿದ್ದಿದೆ, ಒಂದು ಸೈಡಲ್ಲಿ ಬಿಡ್ತಿದ್ದಾರೆ." ಹತ್ತುವ ಬಸ್ಸಿನವರು ಮುಂದೆ ಸಿಗುವ ಎಲ್ಲರಿಗೂ ಅದನ್ನೇ ಹೇಳುತ್ತಾ ಹೋಗುತ್ತಾರೆ. ಹಳೆಯ ಪದ್ಧತಿಯ ನೆಟ್‌ವರ್ಕ್ ನಡೆಯುವುದೂ ಹೀಗೇ. ಪ್ರತಿ ರೌಟರ್ ಪಕ್ಕದ ರೌಟರನ್ನು ವಿಚಾರಿಸಿ, ದಾರಿಯನ್ನು ತಾನೇ ತೀರ್ಮಾನಿಸುತ್ತದೆ. ಸುದ್ದಿ ಎಲ್ಲರಿಗೂ ಮುಟ್ಟುವುದಕ್ಕೆ ಸ್ವಲ್ಪ ಹೊತ್ತು ಬೇಕು. ಕೆಟ್ಟ ಪದ್ಧತಿ ಅನ್ನುತ್ತಿಲ್ಲ. ಇಂಟರ್ನೆಟ್ ಇವತ್ತಿಗೂ ಬಹುಪಾಲು ಈ ಬಾಯಿಮಾತಿನ ಮೇಲೇ ನಿಂತಿದೆ.

ಈಗ ಮಡಿಕೇರಿಯಲ್ಲಿ ಒಂದು ಕಂಟ್ರೋಲ್ ರೂಮ್ ಇದೆ ಅಂದುಕೊಳ್ಳಿ. ಅಲ್ಲಿ ಕೂತವರ ಮುಂದೆ ಇಡೀ ಜಿಲ್ಲೆಯ ನಕ್ಷೆ. ಎಲ್ಲಿ ಮಣ್ಣು ಕುಸಿದಿದೆ, ಯಾವ ರಸ್ತೆ ಖಾಲಿ ಇದೆ, ಎಲ್ಲ ಕಾಣುತ್ತದೆ. "ನೀವು ಭಾಗಮಂಡಲ, ಕರಿಕೆ ಮೇಲೆ ಹೋಗಿ. ನೀವು ಅರ್ಧ ಗಂಟೆ ನಿಲ್ಲಿ" ಅಂತ ಪ್ರತಿ ಡ್ರೈವರ್‌ಗೂ ಅಲ್ಲಿಂದಲೇ ಹೇಳುತ್ತಾರೆ. ಡ್ರೈವರ್ ಗಾಡಿ ಓಡಿಸಿದರೆ ಸಾಕು. ಆ ರೂಮಿಗೆ ಎಸ್‌ಡಿಎನ್‌ನಲ್ಲಿ ಕಂಟ್ರೋಲರ್ ಅಂತ ಹೆಸರು. ದಾರಿ ತೀರ್ಮಾನಿಸುವ ಕೆಲಸಕ್ಕೆ ಕಂಟ್ರೋಲ್ ಪ್ಲೇನ್, ಪ್ಯಾಕೆಟ್ (ಅಂದರೆ ಮಾಹಿತಿಯ ಪುಟ್ಟ ಪೊಟ್ಟಣ) ಸಾಗಿಸುವ ಕೆಲಸಕ್ಕೆ ಡೇಟಾ ಪ್ಲೇನ್ ಅನ್ನುತ್ತಾರೆ. ಮೊದಲು ಎರಡೂ ಒಂದೇ ಡಬ್ಬಿಯೊಳಗೆ ಇದ್ದವು. ಎಸ್‌ಡಿಎನ್ ಅವನ್ನು ಬೇರೆ ಮಾಡಿತು. ಮೂಲ ವಿಚಾರ ಇಷ್ಟೇ.

ಇದು ಬೆಳೆದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಕಂಟ್ರೋಲರ್ ಸ್ವಿಚ್ಚಿಗೆ (ಕಂಪ್ಯೂಟರುಗಳ ಕೇಬಲ್ ಸೇರಿಸುವ ಡಬ್ಬಿಗೆ) ಆಜ್ಞೆ ಕೊಡುವ ಓಪನ್‌ಫ್ಲೋ ಅನ್ನುವ ಭಾಷೆಯನ್ನು ಅಲ್ಲಿನವರು 2008ರಲ್ಲಿ ಮುಂದಿಟ್ಟರು. ತನ್ನ ಡೇಟಾ ಸೆಂಟರ್‌ಗಳ (ಸಾವಿರಾರು ಕಂಪ್ಯೂಟರ್ ಇಟ್ಟ ಕಟ್ಟಡಗಳ) ನಡುವಿನ ಜಾಲವನ್ನು ಹೀಗೇ ನಡೆಸುತ್ತಿದ್ದೇನೆ ಅಂತ ಗೂಗಲ್ 2012ರಲ್ಲಿ ಹೇಳಿದಾಗ ವ್ಯಾಪಾರಸ್ಥರ ಕಿವಿ ನೆಟ್ಟಗಾಯಿತು. ಯಾಕೆ ಗೊತ್ತಾ? ದೂರದ ಲಿಂಕುಗಳನ್ನು ಸಾಮಾನ್ಯವಾಗಿ ಸರಾಸರಿ ಶೇಕಡಾ 30ರಿಂದ 40ರಷ್ಟು ಮಾತ್ರ ತುಂಬಿಸುತ್ತಾರೆ. ಉಳಿದದ್ದು ಆಪತ್ತಿಗೆ ಅಂತ ಖಾಲಿ. ಗೂಗಲ್ ತನ್ನ ಹಲವು ಲಿಂಕುಗಳನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸಿತು. ಇಡೀ ನಕ್ಷೆ ಕಾಣುವಾಗ ಯಾವ ಸರಕು ಕಾಯಬಹುದು, ಯಾವುದು ಈಗಲೇ ಹೋಗಬೇಕು ಅಂತ ಗೊತ್ತಿರುತ್ತದೆ. ಅದಕ್ಕೇ ಸಾಧ್ಯವಾಯಿತು.

ಗೂಗಲ್ ಕಥೆ ನಮಗ್ಯಾಕೆ ಅಂತೀರಾ? ಸರಿ, ನನ್ನದೇ ಒಂದು ಕಥೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾಗಿನ ಮಾತು. 40 ಸ್ವಿಚ್‌ಗಳಿಗೆ ಒಂದು ಹೊಸ ವಿಲ್ಯಾನ್ ಸೇರಿಸಬೇಕಿತ್ತು, ನಂಬರ್ 30. ವಿಲ್ಯಾನ್ ಅಂದರೆ ಒಂದೇ ಕೇಬಲ್ ಮೇಲೆ ಬೇರೆಯಾಗಿ ನಡೆಯುವ ಒಂದು ಒಳಜಾಲ. ರಾತ್ರಿ ಹನ್ನೊಂದಕ್ಕೆ ಕೂತೆ. ಒಂದೊಂದಕ್ಕೂ ಲಾಗಿನ್ ಆಗು, ಅದೇ ನಾಲ್ಕು ಸಾಲು ಟೈಪ್ ಮಾಡು, ಸೇವ್ ಮಾಡು. ಎಷ್ಟನೆಯದೋ ಸ್ವಿಚ್ಚಿನಲ್ಲಿ ನಿದ್ದೆಗಣ್ಣಲ್ಲಿ "ಆ್ಯಡ್" ಅನ್ನುವ ಒಂದು ಪದ ಬಿಟ್ಟೆ. ಆ ಪದ ಇದ್ದರೆ ಇರುವ ಪಟ್ಟಿಗೆ 30 ಸೇರುತ್ತದೆ. ಇಲ್ಲದಿದ್ದರೆ ಹಳೆಯ ಪಟ್ಟಿ ಅಳಿಸಿಹೋಗಿ 30 ಒಂದೇ ಉಳಿಯುತ್ತದೆ. ಆ ಮಹಡಿಯ ಫೋನು, ಪ್ರಿಂಟರು, ಕ್ಯಾಮೆರಾ ಎಲ್ಲ ಒಟ್ಟಿಗೇ ಸತ್ತವು. ನನ್ನ ಲಾಗಿನ್ ಕೂಡ ಅದೇ ದಾರಿಯಲ್ಲಿತ್ತು, ಅದೂ ಹೋಯಿತು. ಸ್ವಿಚ್ಚಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಕಂಟ್ರೋಲರ್ ಇದ್ದಿದ್ದರೆ ಆ ಕೆಲಸ ಒಂದೇ ಸಲ ಬರೆದು ಎಲ್ಲ ಸ್ವಿಚ್ಚಿಗೂ ಕಳಿಸುವಂಥದ್ದು. ಹತ್ತು ನಿಮಿಷದ್ದು. ಆದರೆ ಒಂದು ಮಾತು ಮಾರುವವರು ಹೇಳುವುದಿಲ್ಲ: ತಪ್ಪು ಬರೆದರೆ ಆ ತಪ್ಪೂ 40 ಕಡೆ ಒಟ್ಟಿಗೇ ಹೋಗುತ್ತದೆ! ಅದಕ್ಕೇ ಮೊದಲು ಒಂದೆರಡು ಕಡೆ ಹಾಕಿ ನೋಡುವ, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಶಿಸ್ತು ಬೇಕು.

ಇನ್ನು ನಿಮ್ಮ ಡಿಪೋ ವಿಷಯ. ನಿಮಗೆ ಮಾರಲು ಬಂದವರು ಎಸ್‌ಡಿಎನ್ ಅಂದಿದ್ದರೂ, ಅವರ ಕೈಲಿರುವುದು ಬಹುಶಃ ಅದರ ತಮ್ಮ ಎಸ್‌ಡಿ-ವ್ಯಾನ್. ಡೇಟಾ ಸೆಂಟರ್ ಒಳಗಿನ ವಿಚಾರವನ್ನೇ ಊರೂರಿನ ಶಾಖೆಗಳಿಗೆ ತಂದದ್ದು. ಪ್ರತಿ ಡಿಪೋದಲ್ಲೂ ಒಂದು ಡಬ್ಬಿ. ಅದಕ್ಕೆ ಎರಡು ದಾರಿ, ಒಂದು ಫೈಬರ್, ಇನ್ನೊಂದು 4ಜಿ ಸಿಮ್. ಎರಡೂ ದಾರಿಯಲ್ಲಿ ಎಷ್ಟು ತಡ ಆಗುತ್ತಿದೆ, ಎಷ್ಟು ಪ್ಯಾಕೆಟ್ ಕಳೆದುಹೋಗುತ್ತಿದೆ ಅಂತ ಅದು ಸದಾ ಅಳೆಯುತ್ತಲೇ ಇರುತ್ತದೆ.

ಜನವರಿಯ ಒಂದು ಸಂಜೆ ಅಂದುಕೊಳ್ಳಿ. ಸಿದ್ದಾಪುರ ಡಿಪೋ ಮುಂದೆ ಪಿಕಪ್ ನಿಂತಿದೆ, ರೋಬಸ್ಟಾ ಚೆರಿ ಮೂಟೆಗಳು. ತೂಕ ಆಯಿತು, ತೇವಾಂಶ ನೋಡಿಯಾಯಿತು, ಬಿಲ್ ಮಾತ್ರ ಹೊರಡುತ್ತಿಲ್ಲ. ಬೆಳೆಗಾರರು ಕಾಯುತ್ತಿದ್ದಾರೆ. ನೋಡಿದರೆ ಕ್ಯಾಮೆರಾದ ವಿಡಿಯೋ ಲೈನನ್ನೆಲ್ಲ ತಿನ್ನುತ್ತಿದೆ. ಎಸ್‌ಡಿ-ವ್ಯಾನ್‌ನಲ್ಲಿ "ಬಿಲ್ಲಿಂಗ್ ಮೊದಲು, ಕ್ಯಾಮೆರಾ ಆಮೇಲೆ" ಅಂತ ಗೋಣಿಕೊಪ್ಪದಲ್ಲಿ ಕೂತೇ ಒಂದು ನಿಯಮ ಬರೆದರೆ ಎಲ್ಲ ಡಿಪೋಗೂ ಅನ್ವಯ. ಮರ ಬಿದ್ದು ಫೈಬರ್ ಹರಿದರೆ ಬಿಲ್ಲಿಂಗ್ ತಾನಾಗಿ ಸಿಮ್ಮಿಗೆ ಹೊರಳುತ್ತದೆ. ನಾಳೆ ನಾಪೋಕ್ಲಿನಲ್ಲಿ ಹೊಸ ಡಿಪೋ ತೆರೆದರೂ ಅಲ್ಲಿಗೆ ಎಂಜಿನಿಯರ್ ಹೋಗಲೇಬೇಕೆಂದಿಲ್ಲ. ಡಬ್ಬಿ ಚುಚ್ಚಿದರೆ ಅದು ಕಂಟ್ರೋಲರನ್ನು ಹುಡುಕಿ ತನ್ನ ಸೆಟ್ಟಿಂಗ್ ತಾನೇ ಇಳಿಸಿಕೊಳ್ಳುತ್ತದೆ.

ಆದರೆ ಬಿದ್ದ ಕಂಬವನ್ನು ಯಾವ ಸಾಫ್ಟ್‌ವೇರೂ ಎತ್ತಿ ನಿಲ್ಲಿಸುವುದಿಲ್ಲ. ಎರಡು ಕಂಪನಿಯ ಕೇಬಲ್ ತಗೊಂಡು, ಎರಡೂ ಒಂದೇ ಕಂಬದ ಮೇಲೆ ಬರುತ್ತಿದ್ದರೆ ನಿಮಗಿರುವುದು ಒಂದೇ ದಾರಿ. ಮೂರು ದಿನ ಕರೆಂಟ್ ಇಲ್ಲದೆ ಟವರೂ ಮಲಗಿದರೆ ಸಿಮ್ ಇಟ್ಟುಕೊಂಡೂ ಸುಮ್ನೆ. ಸಹಿ ಹಾಕುವ ಮೊದಲು ಒಂದು ಮಧ್ಯಾಹ್ನ ನಿಮ್ಮ ಕೇಬಲ್ ಹಿಡಿದು ರಸ್ತೆಯುದ್ದಕ್ಕೂ ನಡೆದು ನೋಡಿ.

ಕಂಟ್ರೋಲರೇ ಕೆಟ್ಟರೆ? ಸಾಮಾನ್ಯವಾಗಿ ಮೊದಲೇ ಬಂದ ನಿಯಮಗಳ ಮೇಲೆ ಡಬ್ಬಿಗಳು ಕೆಲಸ ಮುಂದುವರಿಸುತ್ತವೆ, ಹೊಸ ಬದಲಾವಣೆ ಮಾತ್ರ ಆಗುವುದಿಲ್ಲ. ದೊಡ್ಡ ಕಡೆ ಅದಕ್ಕೇ ಮೂರು ಕಂಟ್ರೋಲರ್ ಇಡುತ್ತಾರೆ. ಅದರ ಪಾಸ್‌ವರ್ಡ್ ಇಡೀ ವ್ಯಾಪಾರದ ಬೀಗದ ಕೈ ಗೊಂಚಲು, ಕ್ಯಾಲೆಂಡರ್ ಹಿಂದೆ ಬರೆದಿಡಬೇಡಿ. ವರ್ಷಾವರ್ಷ ಲೈಸೆನ್ಸ್ ಹಣ ಎಷ್ಟು, ಕಟ್ಟದಿದ್ದರೆ ಏನು ನಿಲ್ಲುತ್ತದೆ ಅಂತ ಬರಹದಲ್ಲೇ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಐದು ಜಾಗಕ್ಕೆ ಪೂರ್ತಿ ಎಸ್‌ಡಿಎನ್ ಜಾಸ್ತಿಯಾಯಿತು. ಕಳೆದ ಸುಗ್ಗಿಯಲ್ಲಿ ಎಷ್ಟು ಸಲ ಬಿಲ್ ನಿಂತಿತು ಅಂತ ಲೆಕ್ಕ ಹಾಕಿ. ಒಂದೆರಡು ಸಲ ಅಂದರೆ ಎರಡು ಲೈನ್ ಹಿಡಿಯುವ ಸಾಧಾರಣ ರೌಟರ್ ಸಾಕು. ವಾರ ವಾರ ಗೋಳು ಅಂದರೆ, ಡಿಪೋ ಇನ್ನೂ ಹೆಚ್ಚಿಸುವ ಯೋಚನೆ ಇದ್ದರೆ, ಎಸ್‌ಡಿ-ವ್ಯಾನ್ ಹಾಕಿಸಿ. ಮೊದಲು ಎರಡು ಕಡೆ ಮಾತ್ರ, ಒಂದು ಮಳೆಗಾಲ ಕಳೆಯಲಿ.

ಇನ್ನು ನಿಮ್ಮ ಹುಡುಗ. ರಾತ್ರಿ ಕೂತು 40 ಸಲ ಅದೇ ನಾಲ್ಕು ಸಾಲು ಟೈಪ್ ಮಾಡುವ ಕೆಲಸ ಹೋಗುತ್ತದೆ, ನಿಜ. ನನಗಂತೂ ಅದರ ಬಗ್ಗೆ ಬೇಜಾರಿಲ್ಲ. ಯಾವುದು ಮೊದಲು ಹೋಗಬೇಕು, ಯಾರು ಯಾವುದನ್ನು ನೋಡಬಾರದು ಅಂತ ನಿರ್ಧರಿಸಿ ಬರೆಯುವ ಕೆಲಸ ಉಳಿಯುತ್ತದೆ. ಅದಕ್ಕೆ ರೌಟಿಂಗಿನ ಹಳೆಯ ಪಾಠವೂ ಬೇಕು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯೂ ಸ್ವಲ್ಪ ಬೇಕು. ಕಲಿಯುವುದಕ್ಕೆ ಖರ್ಚೂ ಇಲ್ಲ. ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಮಿನಿನೆಟ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಲಿ. ಒಂದೇ ಕಮಾಂಡಿಗೆ ಸ್ವಿಚ್ಚು, ಕಂಪ್ಯೂಟರುಗಳ ಜಾಲವೇ ಪರದೆಯೊಳಗೆ ಎದ್ದು ನಿಲ್ಲುತ್ತದೆ. ಮೊದಲು ಕಂಟ್ರೋಲರ್ ಹೊರಗಿದೆ ಅಂತ ಮಿನಿನೆಟ್‌ಗೆ ಹೇಳಿ, ಆ ಕಂಟ್ರೋಲರನ್ನು ಚಾಲೂ ಮಾಡದೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪಿಂಗ್ ("ಇದ್ದೀಯಾ?" ಅಂತ ಕೇಳುವ ಸಂದೇಶ) ಹೊಡೆಯಲಿ. ಉತ್ತರ ಬರುವುದಿಲ್ಲ. ಆಮೇಲೆ ಕಂಟ್ರೋಲರ್ ಚಾಲೂ ಮಾಡಿ ಮತ್ತೆ ಹೊಡೆಯಲಿ. ಮೊದಲ ಪಿಂಗ್ ಸ್ವಲ್ಪ ತಡವಾಗಿ ಬರುತ್ತದೆ, ಎರಡನೆಯದು ಮಿಲಿಸೆಕೆಂಡಿನ ಒಂದು ಚೂರಿನಲ್ಲಿ. ಮೊದಲನೆಯದು ಕಂಟ್ರೋಲ್ ರೂಮಿಗೆ ಹೋಗಿ ದಾರಿ ಕೇಳಿಕೊಂಡು ಬಂದಿತ್ತು.