ಕಪ್ಪೆ ಬಾಲ, ಹಾವಿನ ವಿಷ, ನಮ್ಮ ರಕ್ತ: ಕತ್ತರಿಸೋ ಎನ್‌ಜೈಮ್‌ಗಳ ಹಿಂದಿನ ಕಥೆ

ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಉದುರಿ ಬೀಳಲ್ಲ, ಅಲ್ಲೇ ಕರಗಿ ಹೋಗತ್ತೆ. ಇದು ವಿಜ್ಞಾನಿಗಳಿಗೆ ದೊಡ್ಡ ಒಗಟಾಗಿತ್ತು, ಯಾಕಂದ್ರೆ ಬಾಲದೊಳಗಿರೋ ಕೊಲಾಜೆನ್ ಸುಲಭಕ್ಕೆ ಕರಗೋ ಪ್ರೋಟೀನ್ ಅಲ್ಲ, ನಮ್ಮ ಚರ್ಮ ಮೂಳೆ ಎಲ್ಲಾ ಅದರ ಬಲದ ಮೇಲೇ ನಿಂತಿರೋದು. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಆ ಬಾಲದ ಜೀವಂತ ಚೂರುಗಳನ್ನ ಕೊಲಾಜೆನ್ ಜೆಲ್ ಮೇಲಿಟ್ಟು ನೋಡಿದ್ರು, ಚೂರಿನ ಸುತ್ತ ಜೆಲ್ ಕರಗ್ತಾ ಬಂತು. ಅಂದ್ರೆ ಕೊಲಾಜೆನ್ ಕತ್ತರಿಸೋ ಎನ್‌ಜೈಮನ್ನ ಪ್ರಾಣಿಯ ದೇಹ ತಾನೇ ತಯಾರು ಮಾಡ್ಕೊಳ್ಳತ್ತೆ. ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್ (ಎಂಎಂಪಿ) ಅಂತ ಈಗ ಕರೆಯೋ ಗುಂಪು ಶುರುವಾಗಿದ್ದು ಇಲ್ಲಿಂದ. ಮನುಷ್ಯರಲ್ಲಿ ಇಂಥವು 23 ಇವೆ, ಎಲ್ಲದರ ನಡುವೆ ಒಂದು ಜಿಂಕ್ ಅಯಾನ್ ಕೂತಿರತ್ತೆ, ಕತ್ತರಿಸೋ ಕೆಲಸ ಆಗೋದು ಅದರಿಂದಲೇ.

ಇನ್ನೊಂದು ಎಳೆ ಬಂದಿದ್ದು ಹಾವಿನ ವಿಷದಿಂದ. ಮಂಡಲ ಜಾತಿಯ ಹಾವು ಕಚ್ಚಿದಾಗ ರಕ್ತ ನಿಲ್ಲದೆ ಸೋರತ್ತಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ವಿಷದಲ್ಲಿರೋ ಇದೇ ತರದ ಜಿಂಕ್ ಎನ್‌ಜೈಮ್‌ಗಳು, ರಕ್ತನಾಳದ ಗೋಡೆಯನ್ನೇ ಕತ್ತರಿಸಿ ಹಾಕ್ತವೆ. ಅದರ ಜೊತೆಗೆ 1980ರ ದಶಕದ ಕೊನೆಗೆ ವಿಷದಲ್ಲಿ ಪುಟ್ಟ ಪ್ರೋಟೀನ್‌ಗಳು ಸಿಕ್ಕವು, ಅವೇ ಡಿಸಿಂಟಿಗ್ರಿನ್‌ಗಳು. ಇವು ಏನನ್ನೂ ಕತ್ತರಿಸಲ್ಲ, ಪ್ಲೇಟ್‌ಲೆಟ್ ಮೇಲಿರೋ ಇಂಟಿಗ್ರಿನ್ ಅನ್ನೋ ಹಿಡಿಕೆಗೆ ಹೋಗಿ ಅಂಟಿಕೊಳ್ತವೆ, ಆಮೇಲೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಸೇರೋಕಾಗಲ್ಲ, ರಕ್ತ ಹೆಪ್ಪುಗಟ್ಟಲ್ಲ. ಹಾವಿಗೆ ಬೇಟೆಗೆ ಬೇಕಾದ ಗುಣ ಇದು, ಆದ್ರೆ ಹೃದಯಾಘಾತದಲ್ಲಿ ಡಾಕ್ಟರಿಗೂ ಬೇಕಾಗಿದ್ದು ಇದೇ! ಗರಗಸ ಮಂಡಲದ ಎಕಿಸ್ಟಾಟಿನ್ ನೋಡಿ ಟೈರೋಫೈಬ್ಯಾನ್, ಅಮೆರಿಕದ ಪಿಗ್ಮಿ ರ‍್ಯಾಟಲ್‌ಸ್ನೇಕಿನ ಬಾರ್ಬೌರಿನ್ ನೋಡಿ ಎಪ್ಟಿಫೈಬಟೈಡ್ ಅನ್ನೋ ಔಷಧಗಳನ್ನ ರೂಪಿಸಿದ್ರು, ಎರಡಕ್ಕೂ 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ತು.

ಈ ಎರಡೂ ಎಳೆ ಸೇರಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ವೀರ್ಯಾಣುವಿನ ಮೇಲೆ. 1992ರಲ್ಲಿ ಕಾರ್ಲ್ ಬ್ಲೋಬೆಲ್, ಜುಡಿತ್ ವೈಟ್ ಮತ್ತವರ ಸಂಗಡಿಗರು ಗಿನಿಪಿಗ್ ವೀರ್ಯಾಣುವಿನ ಫರ್ಟಿಲಿನ್ ಪ್ರೋಟೀನ್ ಓದ್ತಾ ಹೋದಾಗ ಅದರಲ್ಲಿ ಹಾವಿನ ವಿಷದ ಡಿಸಿಂಟಿಗ್ರಿನ್ ಭಾಗ ಹಾಗೇ ಕಾಣಿಸ್ತು. ಆಮೇಲೆ ಅಂಥವು ಒಂದರ ಹಿಂದೆ ಒಂದು ಸಿಗ್ತಾ ಹೋದವು, ಡಿಸಿಂಟಿಗ್ರಿನ್, ಮೆಟಲೋಪ್ರೋಟಿನೇಸ್ ಎರಡೂ ಭಾಗ ಒಂದೇ ಪ್ರೋಟೀನಲ್ಲಿ ಇರೋ ಇವುಗಳ ಕುಟುಂಬಕ್ಕೆ ಆಡಮ್ (ADAM) ಅಂತ ಹೆಸರಿಟ್ರು. ಹಾವು ಎಲ್ಲಿಂದಲೋ ಹೊಸ ಅಸ್ತ್ರ ತಂದಿದ್ದಲ್ಲ, ದೇಹದಲ್ಲಿ ಮೊದಲೇ ಇದ್ದ ಆಡಮ್ ಜೀನನ್ನೇ ವಿಕಾಸದಲ್ಲಿ ವಿಷ ಮಾಡ್ಕೊಂಡಿದ್ದು.

ಹಾಗಿದ್ರೆ ನಮ್ಮೊಳಗೆ ಇವು ಏನ್ ಮಾಡ್ತವೆ? ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಅನ್ಸೋದು 1997ರ ಉತ್ತರ. ಟಿಎನ್ಎಫ್ ಅನ್ನೋ ಉರಿಯೂತದ ಸಂದೇಶ ಮೊದಲು ಜೀವಕೋಶದ ಪೊರೆಗೇ ಅಂಟಿಕೊಂಡಿರತ್ತೆ, ಅದನ್ನ ಕತ್ತರಿಸಿ ಹೊರಗೆ ಬಿಡೋದು ಆಡಮ್17 ಅಂತ ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಅಂದ್ರೆ ಇವು ಬರೀ ಕೆಡವೋ ಎನ್‌ಜೈಮ್‌ಗಳಲ್ಲ, ಕೋಶದಿಂದ ಕೋಶಕ್ಕೆ ಹೋಗೋ ಸುದ್ದಿ ಯಾವಾಗ ಹೊರಡಬೇಕು ಅಂತ ತೀರ್ಮಾನ ಮಾಡೋವು. ಸಂಧಿವಾತದಲ್ಲಿ ಟಿಎನ್ಎಫ್ ಜಾಸ್ತಿ ಇರೋದ್ರಿಂದ ಆಡಮ್17 ನಿಲ್ಲಿಸಿದ್ರೆ ಆಯ್ತಲ್ಲ ಅನ್ನೋ ಆಸೆ ಸಹಜವಾಗಿ ಬಂತು, ಆದ್ರೆ ಆ ಎನ್‌ಜೈಮ್ ಕೆಲಸ ಮಾಡದ ಇಲಿಮರಿಗಳು ಹುಟ್ಟುವಾಗಲೇ ಕಣ್ಣು ತೆರೆದುಕೊಂಡು ಹುಟ್ಟಿದವು, ಹೆಚ್ಚಿನವು ಬದುಕಲಿಲ್ಲ, ಯಾಕಂದ್ರೆ ಚರ್ಮ, ಕಣ್ಣಿನ ರೆಪ್ಪೆ, ಶ್ವಾಸಕೋಶ ಬೆಳೆಯೋಕೆ ಬೇಕಾದ ಸಂದೇಶಗಳನ್ನೂ ಬಿಡುಗಡೆ ಮಾಡೋದು ಇದೇ. ಇದರ ಹತ್ತಿರದ ಸಂಬಂಧಿ ಆಡಮ್10 ಕಥೆಯೂ ಅಷ್ಟೇ, ಮಿದುಳಲ್ಲಿ ಅದು ಎಪಿಪಿ ಪ್ರೋಟೀನನ್ನ ಕತ್ತರಿಸೋ ಜಾಗದಿಂದಾಗಿ ಆಲ್ಝೈಮರ್ಸ್‌ನ ಅಮೈಲಾಯ್ಡ್ ಚೂರು ಹುಟ್ಟೋದೇ ತಪ್ಪತ್ತೆ.

ಈ ಎಚ್ಚರಿಕೆ ಕ್ಯಾನ್ಸರ್ ಕಡೆ ತಡವಾಗಿ ತಲುಪಿತು ಅನ್ನೋದೇ ಬೇಜಾರು. ಗಡ್ಡೆ ಹರಡೋಕೆ ಸುತ್ತಲಿನ ಅಂಗಾಂಶ ಕತ್ತರಿಸಬೇಕು, ಹಾಗಾಗಿ ಮೆಟಲೋಪ್ರೋಟಿನೇಸ್‌ಗಳನ್ನೆಲ್ಲ ಒಟ್ಟಿಗೆ ತಡೆದುಬಿಡೋಣ ಅಂತ 1990ರ ದಶಕದಲ್ಲಿ ಮ್ಯಾರಿಮ್ಯಾಸ್ಟ್ಯಾಟ್ ತರದ ಔಷಧಗಳನ್ನ ಸಾವಿರಾರು ರೋಗಿಗಳ ಮೇಲೆ ಪ್ರಯೋಗಿಸಿದ್ರು. ಕೀಲುಗಳು ಬಿಗಿದು ನೋವಾಗಿ ಡೋಸ್ ಇಳಿಸಬೇಕಾಯ್ತು, ಆಯಸ್ಸು ಹೆಚ್ಚಲಿಲ್ಲ, ಇದೇ ತರದ ಇನ್ನೊಂದು ಔಷಧ ಟ್ಯಾನೊಮ್ಯಾಸ್ಟ್ಯಾಟ್ ತಗೊಂಡ ಸ್ಮಾಲ್ ಸೆಲ್ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಸ್ಥಿತಿಯಂತೂ ಖಾಲಿ ಮಾತ್ರೆ ತಗೊಂಡವರಿಗಿಂತ ಕೆಟ್ಟದಾಗಿ 1999ರಲ್ಲಿ ಆ ಟ್ರಯಲ್ ನಿಲ್ಲಿಸಿದ್ರು. ಈ ಗುಂಪಲ್ಲಿ ಕೆಲವು ಎನ್‌ಜೈಮ್ ಗಡ್ಡೆಯ ವಿರುದ್ಧವೇ ಕೆಲಸ ಮಾಡ್ತವೆ ಅಂತ ಆಮೇಲೆ ಗೊತ್ತಾಯ್ತು, ಎಂಎಂಪಿ8 ಇಲ್ಲದ ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಜಾಸ್ತಿಯಾದವು. ಪಕ್ಕಾ ಗೊತ್ತಿಲ್ಲದೇ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದ್ದಕ್ಕೆ ಬೆಲೆ ಕೊಟ್ಟಿದ್ದು ರೋಗಿಗಳು.

ಇಂಥ ಎನ್‌ಜೈಮಿನ ಕೊರತೆಯಿಂದ ಬರೋ ಕಾಯಿಲೆಯ ಕಡೆ ಮಾತ್ರ ಕಥೆ ಬೇರೆ ದಾರಿ ಹಿಡೀತು. 1924ರಲ್ಲಿ ಎಲಿ ಮಾಶ್ಕೋವಿಟ್ಸ್ 16 ವರ್ಷದ ಹುಡುಗಿಯೊಬ್ಬಳ ಸಾವನ್ನ ವರದಿ ಮಾಡಿದ್ರು, ಅವಳ ಸಣ್ಣ ರಕ್ತನಾಳಗಳೆಲ್ಲ ಹೆಪ್ಪಿನಿಂದ ಮುಚ್ಚಿಹೋಗಿದ್ದವು. ಟಿಟಿಪಿ ಅನ್ನೋ ಈ ಕಾಯಿಲೆಗೆ ಕಾರಣ ದಶಕಗಳ ಕಾಲ ಸಿಗಲಿಲ್ಲ, ಚಿಕಿತ್ಸೆ ಇಲ್ಲದಿದ್ರೆ ಸುಮಾರು 90% ಜನ ಸಾಯ್ತಿದ್ರು. 1982ರಲ್ಲಿ ಜೋಯೆಲ್ ಮೋಕ್ ತಂಡ ರೋಗಿಗಳ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳನ್ನ ಅಂಟಿಸೋ ವಾನ್ ವಿಲ್ಲೆಬ್ರಾಂಡ್ ಪ್ರೋಟೀನಿನ ವಿಪರೀತ ಉದ್ದದ ಎಳೆಗಳನ್ನ ಕಂಡಿತು, 1996ರಲ್ಲಿ ಅದನ್ನ ಕತ್ತರಿಸೋ ಎನ್‌ಜೈಮ್ ಇದೆ ಅಂತ ಗೊತ್ತಾಯ್ತು, 2001ರಲ್ಲಿ ಅದರ ಜೀನ್ ಸಿಕ್ತು, ಅದು ಆಡಮ್‌ಗಳ ದಾಯಾದಿ ಕುಟುಂಬದ ಆಡಮ್‌ಟಿಎಸ್13. ಹುಟ್ಟಿನಿಂದ ಕೊರತೆ ಇರೋರಿಗೆ ಅದೇ ಎನ್‌ಜೈಮನ್ನ ಲ್ಯಾಬಲ್ಲಿ ತಯಾರಿಸಿ ಕೊಡೋಕೆ 2023ರಲ್ಲಿ ಎಫ್‌ಡಿಎ ಒಪ್ಪಿತು. ದೊಡ್ಡವರಲ್ಲಿ ಸಾಮಾನ್ಯವಾಗಿ ಇದು ಬರೋದು ದೇಹವೇ ಆ ಎನ್‌ಜೈಮಿನ ವಿರುದ್ಧ ಆಂಟಿಬಾಡಿ ಮಾಡಿದಾಗ, ಅಂಥವರಿಗೆ ಪ್ಲಾಸ್ಮಾ, ಅಂದ್ರೆ ರಕ್ತದ ದ್ರವ ಭಾಗ, ಬದಲಾಯಿಸ್ತಾರೆ. ಪ್ಲೇಟ್‌ಲೆಟ್ ದಿಢೀರ್ ಕುಸಿದು, ರಕ್ತದ ಕೆಂಪುಕಣಗಳು ಒಡೆದ ಚೂರುಗಳಾಗಿ ಕಾಣಿಸಿದ್ರೆ ಆಡಮ್‌ಟಿಎಸ್13 ಟೆಸ್ಟಿಗೆ ರಕ್ತ ಕಳಿಸಿ, ಟಿಟಿಪಿ ಅನುಮಾನ ಗಟ್ಟಿಯಾಗಿದ್ರೆ ರಿಪೋರ್ಟಿಗೆ ಕಾಯದೆ ಪ್ಲಾಸ್ಮಾ ಬದಲಾವಣೆ ಶುರು ಮಾಡಬೇಕು, ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗತ್ತೆ.