ಒಲೆ ಆರಿಸಿದ ಮೇಲೆ ಶುರುವಾಗುವ ಅಪಾಯ

ನಾನು ಕೆಮಿಕಲ್ ಎಂಜಿನಿಯರ್ ಅಂತ ಗೊತ್ತಾದರೆ ಸಾಕು, ಯಾರಾದರೊಬ್ಬರು ಫೋನ್ ಹಿಡಿದು ವೀಡಿಯೊ ತೋರಿಸುತ್ತಾರೆ. ಒಂದು ಹಳೇ ಡ್ರಮ್ಮು, ಒಂದು ಪೈಪು, ಒಂದು ಬಕೆಟ್ ನೀರು. ಪ್ಲಾಸ್ಟಿಕ್ ತುಂಬಿ ಕೆಳಗೆ ಬೆಂಕಿ ಹಾಕಿದರೆ ಆ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ. "ಇದು ನಿಜಾನಾ ಸಾರ್?"

ನಿಜವೇ. ಪ್ಲಾಸ್ಟಿಕ್ ಹುಟ್ಟಿದ್ದೇ ಹೆಚ್ಚಾಗಿ ಪೆಟ್ರೋಲಿಯಂನಿಂದ, ಅಲ್ವಾ? ಗಾಳಿ ತಾಗದಂತೆ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರ ಅಣುಗಳ ಉದ್ದುದ್ದ ಸರಪಳಿಗಳು ತುಂಡಾಗಿ ಆವಿಯಾಗುತ್ತವೆ. ಆವಿ ತಣಿದರೆ ಎಣ್ಣೆ. ಇದಕ್ಕೆ ಪೈರಾಲಿಸಿಸ್ ಅಂತ ಹೆಸರು. ಎಣ್ಣೆ ತೆಗೆಯುವುದು ಕಷ್ಟವಲ್ಲ. ಗಾಳಿಯನ್ನು ಹೊರಗಿಡುವುದು ಕಷ್ಟ.

ವೀಡಿಯೊ ಎಣ್ಣೆಗೆ ಕಡ್ಡಿ ಗೀರಿ ತೋರಿಸುವಲ್ಲಿಗೆ ಮುಗಿಯುತ್ತದೆ. ನಮ್ಮಂಥವರ ಎದೆ ಹೊಡೆದುಕೊಳ್ಳುವುದು ಅದರ ನಂತರ. ಒಲೆ ಆರಿಸಿದಾಗ ಒಳಗಿನ ಆವಿ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಉರಿಯುವ ಆವಿ ಇದೆ, ಬಿಸಿ ಇದೆ, ಇಲ್ಲದೇ ಇದ್ದದ್ದು ಗಾಳಿ ಮಾತ್ರ. ಈಗ ಅದೂ ಬಂತು. ಅಷ್ಟು ಕಾವಿನಲ್ಲಿ ಹೊತ್ತಿಕೊಳ್ಳಲು ಕಿಡಿಯೂ ಬೇಕಿಲ್ಲ. ನಮ್ಮ ಪೈರಾಲಿಸಿಸ್ ಪ್ಲಾಂಟಿನಲ್ಲಾದರೆ ಈ ಹೊತ್ತಿಗೆ ಉರಿಯಲು ಬಿಡದ ನೈಟ್ರೋಜನ್ ಅನಿಲ ಹಾಯಿಸಿ ಆವಿಯನ್ನೆಲ್ಲ ಹೊರದಬ್ಬುತ್ತೇವೆ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳದ ಹತ್ತಿರ ಯಾರೂ ಸುಳಿಯುವುದಿಲ್ಲ. ಹಿತ್ತಿಲಲ್ಲಿ ಮಾಡುವವರು "ಎಷ್ಟು ಉಳಿದಿದೆ ನೋಡೋಣ" ಅಂತ ಸುಮ್ನೆ ತೆಗೆದುಬಿಡುತ್ತಾರೆ.

ಇನ್ನೊಂದು ಕಾಟ ಮೇಣದ್ದು. ಪಾಲಿಥೀನ್ ಅರೆಬರೆ ಒಡೆದರೆ ಎಣ್ಣೆಯ ಬದಲು ಮೇಣ ಬರುತ್ತದೆ. ಅದು ತಣ್ಣನೆಯ ಪೈಪಿನಲ್ಲಿ ಹೆಪ್ಪುಗಟ್ಟಿದರೆ ಆವಿಗೆ ದಾರಿ ಇಲ್ಲ, ಡ್ರಮ್ಮೇ ಬಾಂಬು. ನೀರಿನ ಬಾಟಲಿಯ ಪೆಟ್ ಹಾಕಿದರೂ ಆಮ್ಲದ ಹರಳು ಕೂತು ಪೈಪು ಕಟ್ಟುತ್ತದೆ. ಪಿವಿಸಿಯಂತೂ ಬೇಡವೇ ಬೇಡ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಕಾದಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಬಂದು ಶ್ವಾಸಕೋಶವನ್ನೂ ಸುಡುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ಬಂದ ಎಣ್ಣೆಯಾದರೂ ಡೀಸೆಲ್ಲಾ? ಅಲ್ಲ. ಪೆಟ್ರೋಲಿನಂಥ ಹಗುರ ಭಾಗದಿಂದ ಮೇಣದವರೆಗೆ ಎಲ್ಲ ಬೆರೆತ ರಸ ಅದು. ಡೀಸೆಲ್ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಸುಮಾರು 50 ಡಿಗ್ರಿಗಿಂತ ಮೇಲೆ ಕಾಯಬೇಕು. ಈ ರಸಕ್ಕೆ ಕೋಣೆಯ ಬಿಸಿಯೇ ಸಾಕಾಗಬಹುದು. ಕ್ಯಾನ್ಸರ್ ತರುವ ಬೆಂಜೀನ್ ಕೂಡ ಇರಬಹುದು. "ಬೈಕಿಗೆ ಹಾಕಿದೆ, ಓಡ್ತು" ಅನ್ನುವವರಿದ್ದಾರೆ. ಓಡುತ್ತದೆ, ಎಂಜಿನ್ನಿನಲ್ಲಿ ಅಂಟು ಕಟ್ಟುವವರೆಗೆ.

ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಡಬ್ಬಿಯ ತಳದ ತ್ರಿಕೋನದೊಳಗಿನ ಅಂಕಿ ನೋಡಿ. 2, 4 (ಎರಡೂ ಪಾಲಿಥೀನ್), 5 (ಪಾಲಿಪ್ರೊಪಿಲೀನ್) ಇದ್ದರೆ ತೊಳೆದು, ಒಣಗಿಸಿ, ಒಟ್ಟಿಗೆ ಕಟ್ಟಿಡಿ. 3 ಅಂದರೆ ಪಿವಿಸಿ, ಅದನ್ನು ಬೇರೆ ಇಡಿ. ಪ್ಲಾಂಟಿಗೆ ಬರುವ ರಾಶಿಯಲ್ಲಿ ನಾವು ದಿನವಿಡೀ ಹೆಕ್ಕುವುದು ಈ 3ನ್ನೇ.